ನಾಲಿಗೆಗೆ ಕಹಿ ಹತ್ತಿದರೆ ಶುಗರ್ ಇಳಿದಂತಲ್ಲ

ನೆಲಬೇವು ಎಂಬ ಕಹಿ ಗಿಡದ ಮೇಲೆ ನನಗೇನೂ ಸಿಟ್ಟಿಲ್ಲ. ಗಿಡಮೂಲಿಕೆ ಪುಡಿಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು, ಅದರಲ್ಲಿ ನೆಲಬೇವಿನ ಪಾಲೂ ಇದೆ. ಸಿಟ್ಟು ಬರುವುದು ಶುಗರಿಗೆ ಅಂತ ಅದರ ಕಷಾಯ ಕುಡಿಯುವವರ "ಎಷ್ಟು ಕಹಿಯೋ ಅಷ್ಟು ಶುಗರ್ ಇಳಿಯುತ್ತೆ" ಅನ್ನೋ ಲೆಕ್ಕಕ್ಕೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಸ್ಟೀಲ್ ಲೋಟದಲ್ಲಿ ಕಷಾಯ ತಂದು, "ಒಂದು ಗುಟುಕು ಕುಡಿದು ನೋಡಿ, ಎಷ್ಟು ಸ್ಟ್ರಾಂಗ್ ಇದೆ" ಅಂದರು. ಶುಗರ್ ಮಾತ್ರೆ ಬಿಟ್ಟು ತಿಂಗಳಾಗಿತ್ತಂತೆ. ಕಹಿ ತಡೆಯಲಾರದೆ ಮೇಲೊಂದು ಚೂರು ಬೆಲ್ಲ ಬೇರೆ. ಪ್ರೀತಿಯ ಮನುಷ್ಯ, ಬೈಯುವುದಾದರೂ ಹೇಗೆ?

ನೆಲಬೇವಿನ ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೋಲೈಡ್. 20 ಇಂಗಾಲ, 30 ಹೈಡ್ರೋಜನ್, 5 ಆಮ್ಲಜನಕದ ಅಣು. ಕಡ್ಡಿಗಿಂತ ಎಲೆಯಲ್ಲಿ ಜಾಸ್ತಿ. ಶುದ್ಧ ಮಾಡಿದರೆ ಬಣ್ಣವಿಲ್ಲದ ಹರಳು. ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಎಲೆಪುಡಿಯನ್ನು ಮೆಥನಾಲ್‌ನಲ್ಲಿ ನೆನೆಸುತ್ತೇವೆ. ಆ ಹಸಿರು ದ್ರಾವಣದ ಒಂದು ಹನಿಯನ್ನು ಸಿಲಿಕಾ ಬಳಿದ ಹಾಳೆಗೆ ಹಾಕಿ, ಹಾಳೆಯ ಅಂಚನ್ನು ದ್ರಾವಕದಲ್ಲಿ ನಿಲ್ಲಿಸಿ ಮೇಲೇರಲು ಬಿಟ್ಟು, ಯುವಿ ದೀಪದ ಕೆಳಗೆ ಹಿಡಿದರೆ ಆಂಡ್ರೋಗ್ರಾಫೋಲೈಡ್ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಷ್ಟಿದೆ ಅಂತ ಹೇಳೋದು ಯಂತ್ರ. ನಾಲಿಗೆಯನ್ನು ನಾವ್ಯಾರೂ ನಂಬುವುದಿಲ್ಲ.

ಯಾಕೆ ಅಂದ್ರೆ, ಕಹಿ ಗೊತ್ತಾಗಲು ಚೂರೇ ಚೂರು ಸಾಕು. ನೀರಿಗಿಳಿದ ಅಷ್ಟಿಷ್ಟರಲ್ಲೇ ಮುಖ ಕಿವುಚುತ್ತದೆ. ಹೊಟ್ಟೆಗೆ ಹೋದದ್ದರಲ್ಲೂ ರಕ್ತಕ್ಕೆ ಸೇರುವುದು ಸ್ವಲ್ಪವೇ. ನಾಲಿಗೆಯ ಮೇಲೆ ಆಗುವುದೇ ಬೇರೆ, ರಕ್ತದಲ್ಲಿ ಆಗುವುದೇ ಬೇರೆ. ಕಾಫಿಯ ಕೆಫೀನ್ ಕಹಿ, ಮಲೇರಿಯಾದ ಕ್ವಿನೈನ್ ಕಹಿ, ಕಾಸರಕದ ಬೀಜದ ಸ್ಟ್ರಿಕ್ನಿನ್ ಎಂಬ ಘೋರ ವಿಷವೂ ಕಹಿಯೇ. ಅದನ್ನೂ ಶುಗರಿಗೆ ಅಂತ ಕುಡಿಯುತ್ತೀರಾ? ಇನ್ನೊಂದು ತಮಾಷೆ ಕೇಳಿ. ನೆಲಬೇವಿನಲ್ಲೇ ಇರುವ ನಿಯೋಆಂಡ್ರೋಗ್ರಾಫೋಲೈಡ್‌ಗೆ ಒಂದು ಗ್ಲೂಕೋಸ್ ಅಂಟಿಕೊಂಡಿದೆ, ಅದಕ್ಕೆ ಕಹಿಯೇ ಇಲ್ಲ. ಉರಿಯೂತದ ವಿರುದ್ಧ ಅದೂ ಕೆಲಸ ಮಾಡುತ್ತದೆ ಅನ್ನೋದು ಪ್ರಯೋಗಾಲಯಗಳಲ್ಲಿ ಕಂಡಿದೆ.

ಹಾಗಂತ ಗಿಡವೇ ದಂಡ ಅಂತ ನಾನು ಹೇಳುತ್ತಿಲ್ಲ. ನೆಗಡಿ, ಗಂಟಲುನೋವಿಗೆ ಜನರ ಮೇಲೆ ಪರೀಕ್ಷೆಗಳಾಗಿವೆ, ಸ್ವಲ್ಪ ಉಪಶಮನ ಕಂಡಿದೆ. ಥೈಲ್ಯಾಂಡಿನಲ್ಲಿ ಇದು ಅಧಿಕೃತ ಔಷಧಿ ಪಟ್ಟಿಯಲ್ಲೇ ಇದೆ. ಸಕ್ಕರೆಯ ವಿಷಯದಲ್ಲಿ ಇಲಿಗಳಲ್ಲಿ ಇಳಿಕೆ ಕಂಡದ್ದೂ ನಿಜ. ಆದರೆ ಅದನ್ನು ನೆಚ್ಚಿಕೊಂಡು ಡಾಕ್ಟರ್ ಕೊಟ್ಟ ಮಾತ್ರೆ ಬಿಡುವಷ್ಟು ಪುರಾವೆ ಇಲ್ಲ. ಮಾತ್ರೆಯ ಜೊತೆಗೇ ಕುಡಿಯುವವರೂ ಡಾಕ್ಟರಿಗೆ ಹೇಳಿಯೇ ಕುಡಿಯಿರಿ. ಬಿಪಿ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೂ ಇದೇ ಮಾತು. ಗರ್ಭಿಣಿಯರಿಗೆ ಬೇಡವೇ ಬೇಡ. ಕೆಲವರಿಗೆ ಇದರಿಂದ ಜೋರು ಅಲರ್ಜಿಯೂ ಆಗಿದೆ. ಮೈ ತುರಿಸಿ ಗಂಧೆ ಎದ್ದರೆ ಅವತ್ತೇ ನಿಲ್ಲಿಸಿ, ಮುಖ ಊದಿದರೆ, ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆಗೆ ಹೋಗಿ.

ಮೇಷ್ಟ್ರು ರಕ್ತ ಪರೀಕ್ಷೆ ಮಾಡಿಸಿಕೊಂಡು ಮಾತ್ರೆಗೆ ಮರಳಿದ್ದಾರೆ. ಬೆಲ್ಲದ ವಿಷಯದಲ್ಲಿ ಇನ್ನೂ ಮಾತುಕತೆ ನಡೆದಿದೆ.