ಒಂದೇ ರೀಲಿನಲ್ಲಿ ಮೂರು ರಾತ್ರಿ

ಹಿಪ್ಪಿ ಕಾಲದ ಕಿರುಚಿತ್ರ ತೋರಿಸಿದಾಗಲೆಲ್ಲ ವಿದ್ಯಾರ್ಥಿಗಳು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಸರ್, ನಶೆಯಲ್ಲಿ ಸುಮ್ನೆ ಏನೇನೋ ಶೂಟ್ ಮಾಡಿದ್ದಾರೆ ಅಲ್ವಾ?" ಒಂದರ ಮೇಲೊಂದು ತೇಲುವ ಮುಖ, ಬಣ್ಣ, ಬೆಳಕು ನೋಡಿದರೆ ಹಾಗೆ ಅನಿಸುವುದು ಸಹಜ. ಆಗ ನನ್ನ ಹಳೆಯ ಬೋಲೆಕ್ಸ್ ಕ್ಯಾಮೆರಾವನ್ನು ಅವರ ಕೈಗೆ ಕೊಡುತ್ತೇನೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬೊಬ್ಬರೇ ಸಿನಿಮಾ ಮಾಡುತ್ತಿದ್ದವರ ಬಳಿ ಜಾಸ್ತಿ ಇದ್ದದ್ದು ಈ 16 ಎಂಎಂ ಕ್ಯಾಮೆರಾ. ಬ್ಯಾಟರಿ ಬೇಡ, ಗಡಿಯಾರದ ಹಾಗೆ ಕೀ ಕೊಟ್ಟರೆ ಓಡುತ್ತದೆ. ಪೂರ್ತಿ ಕೀ ಕೊಟ್ಟರೂ ಸುಮಾರು 28 ಸೆಕೆಂಡು ಅಷ್ಟೇ. 100 ಅಡಿಯ ರೀಲಿನಲ್ಲಿ 4000 ಫ್ರೇಮು, ಅಂದರೆ ಬಿಡಿ ಚಿತ್ರಗಳು. ಸೆಕೆಂಡಿಗೆ 24ರ ಲೆಕ್ಕದಲ್ಲಿ ಎರಡೂಮುಕ್ಕಾಲು ನಿಮಿಷಕ್ಕೆ ರೀಲು ಖಾಲಿ.

ಆದರೆ ಪಕ್ಕದಲ್ಲಿ ಒಂದು ಚಿಕ್ಕ ಹಿಡಿಕೆ ಹಾಕಿ ತಿರುಗಿಸಿದರೆ ಫಿಲ್ಮು ಹಿಂದಕ್ಕೆ ಹೋಗುತ್ತದೆ. ಒಂದು ಸುತ್ತಿಗೆ 8 ಫ್ರೇಮು. ಲೆನ್ಸ್ ಮುಚ್ಚಿ 10 ಸುತ್ತು ತಿರುಗಿಸಿದರೆ 80 ಫ್ರೇಮು ಹಿಂದೆ ಬಂದಿರಿ. ಈಗ ಅದರ ಮೇಲೆಯೇ ಇನ್ನೊಂದು ದೃಶ್ಯ ತೆಗೆಯಬಹುದು. ಎರಡು ಸಲ ಬೆಳಕು ಬೀಳುವುದರಿಂದ ಸಾಮಾನ್ಯವಾಗಿ ಪ್ರತಿ ಸಲವೂ ಒಂದು ಸ್ಟಾಪ್ ಇಳಿಸಬೇಕು, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಬೇಕು. ಇಲ್ಲದಿದ್ದರೆ ಚಿತ್ರ ಬೆಳ್ಳಗೆ ತೊಳೆದುಹೋಗುತ್ತದೆ. ಇನ್ನೊಂದು ವಿಷಯ: ಎರಡನೆಯ ಚಿತ್ರ ಚೆನ್ನಾಗಿ ಕೂರುವುದು ಮೊದಲನೆಯದರ ಕತ್ತಲಿನಲ್ಲಿ.

ಇದು ನನಗೆ ಗೊತ್ತಾದದ್ದು ಒಂದು ಚಿತ್ರ ಕಳೆದುಕೊಂಡ ಮೇಲೆ. ಆಲದ ಮರದ ನೆರಳಿನಲ್ಲಿ ನಮ್ಮ ಅಜ್ಜಿಯ ಮುಖ ಮೂಡಿಸಬೇಕೆಂದಿದ್ದೆ. ಫ್ರೇಮಿನ ಎಣಿಕೆ ಬರೆದುಕೊಂಡಿರಲಿಲ್ಲ. ಮುಖ ಹೋಗಿ ಬಿಳೀ ಆಕಾಶದ ಮೇಲೆ ಬಿತ್ತು. ರೀಲು ಲ್ಯಾಬಿನಲ್ಲಿ ತೊಳೆದು ಬಂದಾಗ ಅಜ್ಜಿಯ ಕಿವಿಯ ಓಲೆಯಷ್ಟೂ ಕಾಣಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆನ್ ವಾನ್ ಮೀಟರ್ ಎಂಬ ಸಿನಿಮಾ ನಿರ್ದೇಶಕರು ಮಾಡಿದ್ದನ್ನು ನೋಡಿ. 1966ರ ಜನವರಿ 21ರಿಂದ 23ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಲಾಂಗ್‌ಶೋರ್‌ಮನ್ಸ್ ಹಾಲ್‌ನಲ್ಲಿ ಟ್ರಿಪ್ಸ್ ಫೆಸ್ಟಿವಲ್ ನಡೆಯಿತು. ಗ್ರೇಟ್‌ಫುಲ್ ಡೆಡ್ ತಂಡದ ಸಂಗೀತ, ಗೋಡೆ ತುಂಬ ಬೆಳಕಿನಾಟ, ನಡುವೆ ಕುಣಿಯುವ ಜನ. ವಾನ್ ಮೀಟರ್ ಅವೇ ರೀಲುಗಳನ್ನು ಮೂರು ರಾತ್ರಿಯೂ ಕ್ಯಾಮೆರಾಕ್ಕೆ ಹಾಕಿದರು. ಶುಕ್ರವಾರದ ಮೇಲೆ ಶನಿವಾರ, ಅದರ ಮೇಲೆ ಭಾನುವಾರ! ಎಡಿಟಿಂಗ್ ಮೇಜಿನ ಮೇಲೆ ಆಗುವ ಜೋಡಣೆಯನ್ನು ಕ್ಯಾಮೆರಾದೊಳಗೇ ಮಾಡಿದರು. ಒಂದು ರಾತ್ರಿ ಬೆಳಕು ಜಾಸ್ತಿಯಾಗಿದ್ದರೆ ಉಳಿದೆರಡೂ ಅಳಿಸಿಹೋಗುತ್ತಿದ್ದವು. ನನಗಂತೂ ಆ ಧೈರ್ಯ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಇಂಥ ಚಿತ್ರಗಳಿಗೆ ಥಿಯೇಟರ್ ಎಲ್ಲಿಂದ ಸಿಗಬೇಕು? ಬ್ರೂಸ್ ಬೇಲಿ ಎಂಬ ಇನ್ನೊಬ್ಬ ನಿರ್ದೇಶಕರು 1961ರಲ್ಲೇ ಕ್ಯಾಲಿಫೋರ್ನಿಯಾದ ಕ್ಯಾನ್ಯನ್ ಎಂಬ ಊರಿನಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ ಪರದೆ ಕಟ್ಟಿ ತೋರಿಸಲು ಶುರು ಮಾಡಿದ್ದರು. ಅದೇ ಕ್ಯಾನ್ಯನ್ ಸಿನಿಮಾ ಎಂಬ ಸಂಸ್ಥೆಯಾಗಿ ಬೆಳೆಯಿತು.

ಇಂಥದ್ದೊಂದು ಚಿತ್ರ ಸಿಕ್ಕರೆ ಮೊದಲ ಸಲ ಬಣ್ಣಗಳನ್ನು ನೋಡಿ. ಎರಡನೆಯ ಸಲ ಕತ್ತಲಿನ ಜಾಗಗಳನ್ನೇ ನೋಡುತ್ತಾ ಹೋಗಿ. ಎರಡನೆಯ ಮುಖ ಮೂಡುವುದು ಅಲ್ಲೇ.