ದಿನಾ ರೀಲ್ಸ್ ಹಾಕದಿದ್ದರೆ ಯೋಗ ಕ್ಲಾಸಿಗೆ ಜನ ಬರುವುದಿಲ್ಲವೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಯೋಗ ಕ್ಲಾಸ್ ನಡೆಸುತ್ತೇನೆ. ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಹೆಂಗಸರಿಗೆ ಒಂದು. ದಿನಾ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಹಾಕದಿದ್ದರೆ ಹೊಸಬರು ಯಾರೂ ಬರುವುದಿಲ್ಲ ಎನ್ನುತ್ತಾರೆ. ಒಂದು ತಿಂಗಳು ಹಾಕಿದೆ, ಸುಸ್ತಾಗಿ ಬಿಟ್ಟುಬಿಟ್ಟೆ. ಏನು ಮಾಡಲಿ?

ದಿನಾ ಹಾಕಬೇಕಿಲ್ಲ ಮೇಡಂ. ವಾರಕ್ಕೊಂದು ಸಾಕು, ಆದರೆ ಆ ಒಂದು ತಪ್ಪಬಾರದು.

ನಿಮ್ಮಲ್ಲಿಗೆ ಬರುವವರು ಯಾರು ಎಂದು ಒಮ್ಮೆ ನೆನೆಸಿಕೊಳ್ಳಿ. ಬೆಳಿಗ್ಗೆ 5.30ಕ್ಕೆ ಎದ್ದು, ಸ್ಕೂಟರ್ ಹತ್ತಿ ಬಂದು ನಿಮ್ಮ ಮಹಡಿ ಮೆಟ್ಟಿಲು ಏರುವವರು. ಬಹುಪಾಲು ನಿಮ್ಮ ಬಡಾವಣೆ, ಪಕ್ಕದ ಬಡಾವಣೆಯ ಜನ. ದೂರದ ಊರಿನಲ್ಲಿ ಹತ್ತು ಸಾವಿರ ಮಂದಿ ನಿಮ್ಮ ರೀಲ್ ನೋಡಿದರೂ ಅವರು ನಿಮ್ಮ ಚಾಪೆ ಮೇಲೆ ಬಂದು ಕೂರಲಾರರು. ನನ್ನ ಅಕ್ಕನೂ ಯೋಗ ಹೇಳಿಕೊಡುತ್ತಾಳೆ. ಅಡುಗೆಮನೆ ಒರೆಸಿ ಮುಗಿಸಿ, ರಾತ್ರಿ ಹನ್ನೊಂದರವರೆಗೂ ವಿಡಿಯೊ ಕತ್ತರಿಸುತ್ತ ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಪ್ರಾಣಾಯಾಮ ಹೇಳಿಕೊಡುವಾಗ ಅವಳಿಗೇ ಆಕಳಿಕೆ. ಪಾಠಕ್ಕೆ ಬೇಕಾದ ಶಕ್ತಿಯನ್ನು ಪ್ರಚಾರ ತಿಂದುಹಾಕಬಾರದು.

ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಕ್ಲಾಸ್ ಇದೆಯೇ ನೋಡಿ. ಇಲ್ಲದಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯಿರಿ, ಅದಕ್ಕೆ ದುಡ್ಡಿಲ್ಲ. ವಿಳಾಸ, ಫೋನ್ ನಂಬರ್, ಬ್ಯಾಚಿನ ಸಮಯ, ನಿಮ್ಮ ಮಹಡಿಯದೇ ನಾಲ್ಕು ಫೋಟೊ ಹಾಕಿ. ಬಹಳ ದಿನದಿಂದ ಬರುತ್ತಿರುವವರಿಗೆ ರಿವ್ಯೂ ಬರೆಯಲು ಹೇಳಿ, ಅವರದೇ ಮಾತಿನಲ್ಲಿ, ಕನ್ನಡದಲ್ಲೇ ಬರೆಯಲಿ. ಅದಕ್ಕಾಗಿ ಫೀಸಿನಲ್ಲಿ ರಿಯಾಯಿತಿ ಕೊಡುತ್ತೇನೆ ಎನ್ನಬೇಡಿ, ಗೂಗಲ್ ನಿಯಮ ಅದನ್ನು ಒಪ್ಪುವುದಿಲ್ಲ.

ಇನ್ನು ವಾರದ ಆ ಒಂದು ವಿಡಿಯೊ. ವಿಷಯಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ವಿದ್ಯಾರ್ಥಿಗಳೇ ದಿನಾ ಕೊಡುತ್ತಿದ್ದಾರೆ. ಚಾಪೆ ಸುತ್ತುತ್ತ ಒಬ್ಬರು ಕೇಳುತ್ತಾರೆ: ‘ಮೇಡಂ, ಮೊಣಕಾಲು ನೋವಿದೆ, ವಜ್ರಾಸನದಲ್ಲಿ ಕೂರಬಹುದಾ?’ ಆ ಪ್ರಶ್ನೆಯನ್ನು ಅವತ್ತೇ ಹಾಜರಿ ಪುಸ್ತಕದ ಹಿಂದೆ ಬರೆದಿಡಿ. ಭಾನುವಾರ ಬೆಳಗಿನ ಬ್ಯಾಚ್ ಮುಗಿದ ಮೇಲೆ, ಬಿಸಿಲು ಇನ್ನೂ ಎಳೆಯದಾಗಿರುವಾಗ, ಫೋನನ್ನು ತುಳಸಿ ಕುಂಡಕ್ಕೆ ಒರಗಿಸಿ ಒಂದು ನಿಮಿಷ ಮಾತಾಡಿ. ಕಂಬಳಿ ಮಡಿಚಿ ತೊಡೆ ಮತ್ತು ಮೀನಖಂಡದ ನಡುವೆ ಇಟ್ಟು ಕೂತು ತೋರಿಸಿ. ಆಗಲೂ ನೋಯುತ್ತಿದ್ದರೆ ವಜ್ರಾಸನ ಬಿಡಿ, ಕುರ್ಚಿ ಮೇಲೆ ಕೂತು ಪ್ರಾಣಾಯಾಮ ಮಾಡಿ ಎನ್ನಿ. ಹಿನ್ನೆಲೆ ಸಂಗೀತ ಬೇಡ. ಪಕ್ಕದ ಮನೆ ಕುಕ್ಕರ್ ಕೂಗಿದರೆ ಕೂಗಲಿ.

ಅದೇ ವಿಡಿಯೊ ಇನ್‌ಸ್ಟಾಗ್ರಾಂಗೂ ವಾಟ್ಸಾಪ್ ಸ್ಟೇಟಸ್‌ಗೂ ಹೋಗಲಿ. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಹಾಗಾಗಿ ವಾಟ್ಸಾಪ್‌ನಲ್ಲೇ ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ಪಟ್ಟಿ) ಒಂದನ್ನೂ ಮಾಡಿಕೊಳ್ಳಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಆದ್ದರಿಂದ ಸೇರಿದ ದಿನವೇ ಒಪ್ಪಿಗೆ ಕೇಳಿ ಸೇವ್ ಮಾಡಿಸಿ. ಗ್ರೂಪ್ ಬೇಡ ಎನ್ನುತ್ತೇನೆ. ಅಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಸಂಜೆ ಬ್ಯಾಚಿನ ಹೆಂಗಸರಿಗೆ ಅದು ಮುಜುಗರ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ‘30 ದಿನದಲ್ಲಿ ಶುಗರ್ ಮಾಯ’ ಎಂಬ ಪೋಸ್ಟರ್ ನಿಮ್ಮ ಹೆಸರಲ್ಲಿ ಎಲ್ಲೂ ಕಾಣಬಾರದು. ಮಧುಮೇಹ, ರಕ್ತದೊತ್ತಡ, ಬೊಜ್ಜು ವಾಸಿ ಮಾಡುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕ್ಲಾಸಿನ ಜೊತೆ ಚೂರ್ಣ, ಕಷಾಯ ಮಾರುವವರು ಇದನ್ನು ಮರೆಯಬಾರದು. 2023ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಮಾರ್ಗಸೂಚಿಯೂ ಬಂತು: ಆರೋಗ್ಯದ ಬಗ್ಗೆ ಮಾತಾಡುವ, ಸರ್ಟಿಫಿಕೇಟ್ ಪಡೆದ ತಜ್ಞರು ತಮ್ಮ ಅರ್ಹತೆ ತಿಳಿಸಬೇಕು, ತಜ್ಞರಂತೆ ಮಾತಾಡುವ ಇತರರು, ಇದು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟಪಡಿಸಬೇಕು. ನಿಮ್ಮ ಸರ್ಟಿಫಿಕೇಟ್ ಯಾವುದು, ಎಲ್ಲಿ ಕಲಿತಿರಿ ಎಂಬುದನ್ನು ಪ್ರೊಫೈಲಿನಲ್ಲೇ ಬರೆಯಿರಿ. ಕಾನೂನು ಇರಲಿ ಬಿಡಿ, ನನಗೆ ನಿಜವಾಗಿ ಭಯವಾಗುವುದು ಬೇರೆ ಕಾರಣಕ್ಕೆ. ನಿಮ್ಮ ಒಂದು ಸಾಲು ನಂಬಿ ಯಾರೋ ಹಿರಿಯರು ಬಿಪಿ ಮಾತ್ರೆ ನಿಲ್ಲಿಸಿಬಿಟ್ಟರೆ? ‘ಮಾತ್ರೆ ಡಾಕ್ಟರನ್ನು ಕೇಳದೆ ಬಿಡಬೇಡಿ’ ಎಂದು ವಿಡಿಯೊದಲ್ಲೇ ಹೇಳಿ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ಲೈಕ್ ಎಣಿಸಬೇಡಿ. ಹೊಸಬರು ಬಂದಾಗ ‘ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ, ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದೇ ಪದ ಬರೆದುಕೊಳ್ಳಿ: ಮ್ಯಾಪ್, ಸ್ಟೇಟಸ್, ಅತ್ತಿಗೆ, ಪಕ್ಕದ ಮನೆ. ಆರು ತಿಂಗಳು ಕಳೆದ ಮೇಲೆ ಆ ಪುಟಗಳನ್ನು ತಿರುವಿ, ಯಾವ ಪದ ಹೆಚ್ಚಿದೆಯೋ ಅತ್ತ ಕಡೆ ನಿಮ್ಮ ಭಾನುವಾರದ ಸಮಯ ಹೋಗಲಿ.