ಗೌರಿ ಹೂವಿನ ವರ್ಣತಂತು ಲೆಕ್ಕ: ಗೊಂದಲ ಶುರುವಾದದ್ದು ಎಲ್ಲಿಂದ?

ಭಾದ್ರಪದ ಹತ್ತಿರವಾಗುತ್ತಲೇ ಚಿಕ್ಕಮಗಳೂರು, ಹಾಸನದ ಬೇಲಿಸಾಲುಗಳಲ್ಲಿ ಲಂಟಾನದ ಮೇಲೆ ಹತ್ತಿ ಕೂತಿರುವ ಗೌರಿ ಹೂ ಕಣ್ಣಿಗೆ ಬೀಳುತ್ತದೆ. ಎಲೆಯ ತುದಿಯನ್ನೇ ಕುಡಿಬಳ್ಳಿಯಂತೆ ಸುತ್ತಿಸಿ ಮೇಲೇರುವ ಈ ಗಿಡಕ್ಕೆ ಅಗ್ನಿಶಿಖೆ, ಲಾಂಗಲಿ ಎಂಬ ಹೆಸರುಗಳೂ ಉಂಟು. ಇದರ ಜೀವಕೋಶದಲ್ಲಿ ಎಷ್ಟು ವರ್ಣತಂತುಗಳು (ಕ್ರೋಮೋಸೋಮ್) ಇವೆ ಎಂದು ಹುಡುಕ ಹೊರಟರೆ ಒಂದು ಕಡೆ 22, ಇನ್ನೊಂದು ಕಡೆ 44 ಎಂದು ಸಿಗುತ್ತದೆ. ಎರಡೂ ಸುಳ್ಳಲ್ಲ. ಆದರೆ 44 ಇದ್ದದ್ದೇ ಹೆಚ್ಚು ವೈವಿಧ್ಯದ ಗಿಡ, ಅದೇ ಹೆಚ್ಚು ಬೆಲೆಯದ್ದು ಎಂಬ ಮಾತು ಇದರ ಬೆನ್ನಿಗೇ ಹುಟ್ಟಿಕೊಂಡಿದೆ. ಗೋಜಲಾಗಿರುವುದು ಅಲ್ಲಿ.

ಕಾಫಿ ಸೀಮೆಯವರಿಗೆ ಈ ಲೆಕ್ಕ ಹೊಸದೇನಲ್ಲ. ರೋಬಸ್ಟಾ 22, ಅರೇಬಿಕಾ 44. ಎರಡರಲ್ಲೂ ಮೂಲ ಗುಂಪು, ಅಂದರೆ ಒಂದು ಸೆಟ್, 11 ತಂತುಗಳದ್ದು. ರೋಬಸ್ಟಾದಲ್ಲಿ ಅಂಥ ಎರಡು ಸೆಟ್, ಅರೇಬಿಕಾದಲ್ಲಿ ನಾಲ್ಕು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ತಳಿ ಕೆಲಸಕ್ಕೆ ಈ ವ್ಯತ್ಯಾಸ ಉದ್ದಕ್ಕೂ ಅಡ್ಡ ಬಂದಿದೆ. ಎರಡನ್ನೂ ನೇರವಾಗಿ ಕೂಡಿಸಿದರೆ ಮೂರು ಸೆಟ್ಟಿನ ಗಿಡ ಬರುತ್ತದೆ, ಅದು ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ: ನಾಲ್ಕು ಸೆಟ್ ಇಟ್ಟುಕೊಂಡ ಅರೇಬಿಕಾದಲ್ಲೇ ಆನುವಂಶಿಕ ವೈವಿಧ್ಯ ತೀರಾ ಕಡಿಮೆ. ಎರಡು ಕಾಫಿ ಜಾತಿಗಳ ಅಪರೂಪದ ಕೂಡಿಕೆಯಿಂದ ಹುಟ್ಟಿ, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತಾ ಬಂದ ಗಿಡ ಅದು. ಮೇಲಾಗಿ ಯೆಮೆನ್‌ನಿಂದ ಹೊರಬಿದ್ದ ಬೀಜಗಳೇ ಬೆರಳೆಣಿಕೆಯಷ್ಟು. ಬಾಬಾ ಬುಡನ್ ತಂದ ಏಳು ಬೀಜದ ಕಥೆಯನ್ನು ನಂಬದವರೂ ಇಷ್ಟನ್ನು ಒಪ್ಪುತ್ತಾರೆ. ಸೆಟ್ ಎಷ್ಟು ಎಂಬುದು ಒಂದು ಪ್ರಶ್ನೆ, ಗಿಡದಿಂದ ಗಿಡಕ್ಕೆ ವ್ಯತ್ಯಾಸ ಎಷ್ಟು ಎಂಬುದು ಬೇರೆಯೇ ಪ್ರಶ್ನೆ.

ವರ್ಣತಂತು ವಿಜ್ಞಾನ ಬೆಳೆದದ್ದರಲ್ಲಿ ಗೌರಿ ಹೂವಿನ ದೂರದ ನೆಂಟರಾದ ಲಿಲ್ಲಿಗಳ ಪಾಲು ದೊಡ್ಡದು. ಲಿಲಿಯಮ್ ಕುಲದ ಮೂಲ ಸೆಟ್ 12, ಸಾಮಾನ್ಯ ಗಿಡದಲ್ಲಿ 24. ತಂತುಗಳು ದಪ್ಪ, ಉದ್ದ. ಹಳೆಯ ಸೂಕ್ಷ್ಮದರ್ಶಕಕ್ಕೂ ಕಾಣುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮುಂದಿನ ನಾಲ್ಕು ದಶಕ ಯುರೋಪಿನ ಪ್ರಯೋಗಾಲಯಗಳಲ್ಲಿ ಇದೇ ಎಣಿಕೆ ನಡೆಯಿತು.

ಕಥೆ ತಿರುಗಿದ್ದು 1937ರಲ್ಲಿ. ಕಾಲ್ಚಿಸಿನ್ ಎಂಬ ವಿಷ ಸವರಿದರೆ ಗಿಡದ ವರ್ಣತಂತು ಇಮ್ಮಡಿಯಾಗುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಬ್ಲೇಕ್ಸ್‌ಲೀ ಮತ್ತು ಏವರಿ ಪ್ರಕಟಿಸಿದರು. ಕೋಶ ಒಂದು ಎರಡಾಗಿ ಒಡೆಯುವಾಗ ತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳನ್ನು ಈ ವಿಷ ಕಟ್ಟಲು ಬಿಡುವುದಿಲ್ಲ. ತಂತು ಎರಡಾಗುತ್ತದೆ, ಕೋಶ ಮಾತ್ರ ಒಂದೇ ಉಳಿಯುತ್ತದೆ. ಸಂಧಿವಾತದ ಒಂದು ಬಗೆಯಾದ ಗೌಟ್‌ಗೆ ಕೊಡುವ ಔಷಧಿಯೂ ಇದೇ. ಮೊದಲು ಸಿಕ್ಕಿದ್ದು ಯುರೋಪಿನ ಕಾಲ್ಚಿಕಮ್ ಗೆಡ್ಡೆಯಲ್ಲಿ. 1915ರಷ್ಟು ಹಿಂದೆಯೇ ನಮ್ಮ ಗೌರಿ ಹೂವಿನಲ್ಲೂ ಇದೆ ಎಂದು ಗೊತ್ತಾಗಿತ್ತು.

ಮುಂದಿನ ಹತ್ತು ವರ್ಷ ಇಮ್ಮಡಿ ಮಾಡುವ ಹುಮ್ಮಸ್ಸಿನ ಕಾಲ. ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಇಂಗ್ಲೆಂಡಿನ ವಿಸ್ಲಿ ತೋಟದಲ್ಲಿ ಮ್ಯಾಗ್ನೋಲಿಯಾ ಸಸಿಗಳಿಗೆ ಕಾಲ್ಚಿಸಿನ್ ಕೊಟ್ಟು ನೋಡಿದರು. ಅದಕ್ಕೂ ಮೊದಲು, 1945ರಲ್ಲಿ, ಬ್ರಿಟಿಷ್ ವಿಜ್ಞಾನಿ ಸಿ.ಡಿ. ಡಾರ್ಲಿಂಗ್ಟನ್ ಜೊತೆಗೂಡಿ ಬೆಳೆ-ತೋಟದ ಗಿಡಗಳ ವರ್ಣತಂತು ಸಂಖ್ಯೆಗಳನ್ನು ಪಟ್ಟಿ ಮಾಡಿದ ಗ್ರಂಥವೊಂದನ್ನು ಹೊರತಂದಿದ್ದರು. ಅಗಾಧ ಕೆಲಸ. ಆದರೆ ಇಂಥ ಪಟ್ಟಿಗಳನ್ನು ಆಮೇಲಿನವರು ಓದಿದ ರೀತಿ ಬೇರೆ: ಎಲ್ಲೋ ಒಂದು ಗಿಡದಲ್ಲಿ ಎಣಿಸಿದ್ದು ಇಡೀ ಜಾತಿಯ ಸಂಖ್ಯೆಯಾಗಿ ಉಳಿಯಿತು.

ಎಣಿಸುವುದು ಸಲೀಸಲ್ಲ. ಬೆಳಿಗ್ಗೆ ಎಳೆಬೇರಿನ ತುದಿ ಚಿವುಟಿ, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಅದ್ದಿಟ್ಟು, ಬಣ್ಣ ಹಿಡಿಸಿ, ಗಾಜಿನ ಚೂರುಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತು ಹೆಚ್ಚಾದರೆ ತಂತು ಚೆಲ್ಲಾಪಿಲ್ಲಿ, ಕಡಿಮೆಯಾದರೆ ಒಂದರ ಮೇಲೊಂದು. ಬೇರಿನ ತುದಿಯನ್ನು ಮೊದಲು ಕಾಲ್ಚಿಸಿನ್ ದ್ರಾವಣದಲ್ಲಿ ಇಡುವ ರೂಢಿಯೂ ಇದೆ, ತಂತು ಮೊಟಕಾಗಿ ಬಿಡಿಬಿಡಿಯಾಗಿ ಕಾಣಲಿ ಎಂದು. ಇಷ್ಟು ಪಾಡುಪಟ್ಟು ಗುಡ್ಡಕ್ಕೊಂದರಂತೆ ಹತ್ತಾರು ಗಿಡ ನೋಡುವವರು ಕಡಿಮೆಯೇ.

ನೋಡಿದಲ್ಲೆಲ್ಲ ಚಿತ್ರ ಬದಲಾಗಿದೆ. ಬಯಲುಸೀಮೆಯ ಕುರುಚಲಿನಲ್ಲಿ ಎಲೆಗಿಂತ ಮೊದಲು ಹೂವಿನ ಕಡ್ಡಿ ಎತ್ತುವ ಕಾಡು ಈರುಳ್ಳಿಯಲ್ಲಿ ಮೂಲ ಸೆಟ್ 10. 20, 30, 40 ತಂತುಗಳ ಗಿಡಗಳು ಭಾರತದಲ್ಲೇ ದಾಖಲಾಗಿವೆ. 30ರದ್ದು ಬೀಜಕ್ಕೆ ಬಾರದು, ಮೂರು ಸೆಟ್ ಜೋಡಿಯಾಗಿ ಹಂಚಿಹೋಗುವುದಿಲ್ಲ. ಗೆಡ್ಡೆ ಒಡೆದು ಮರಿ ಹಾಕಿಯೇ ಅದು ಹಬ್ಬುತ್ತದೆ. ಹಾಗಾಗಿ ಹಿಂಡುಹಿಂಡಾಗಿ ಕಂಡದ್ದು ಒಂದೇ ಗಿಡದ ನಕಲುಗಳಿರಬಹುದು. ಟೈಗರ್ ಲಿಲ್ಲಿಯದೂ ಇದೇ ಪಾಡು. ಜಪಾನಿನ ತ್ಸುಶಿಮಾ ದ್ವೀಪದಲ್ಲಿ 24ರದ್ದೂ 36ರದ್ದೂ ಇವೆ. 36ರದ್ದು ಎಲೆಸಂದಿನಲ್ಲಿ ಕಟ್ಟುವ ಪುಟ್ಟ ಮರಿಗೆಡ್ಡೆಗಳಿಂದಲೇ ವಂಶ ನಡೆಸುತ್ತದೆ.

ಗೌರಿ ಹೂವಿನ ವಿಚಾರಕ್ಕೆ ವ್ಯಾಪಾರವೂ ಸೇರಿಕೊಂಡಿತು. ತಮಿಳುನಾಡಿನ ಕರೂರು, ದಿಂಡಿಗಲ್, ತಿರುಪ್ಪೂರು ಸೀಮೆಯಲ್ಲಿ ಇದು ಹೊಲದ ಬೆಳೆ, ಕಾಲ್ಚಿಸಿನ್‌ಗಾಗಿ ಬೀಜ ಹೊರದೇಶಕ್ಕೆ ಹೋಗುತ್ತದೆ. ಹೂವಿನ ಶಲಾಕೆ, ಅಂದರೆ ಹೆಣ್ಣುಭಾಗದ ದಂಟು, ಬುಡದಲ್ಲೇ ಪಕ್ಕಕ್ಕೆ ಬಾಗಿರುವುದರಿಂದ ತನ್ನದೇ ಪರಾಗ ತನಗೆ ಸಿಗುವುದು ಕಷ್ಟ. ಅಲ್ಲಿ ಕೂಲಿಯವರು ಬೆಳಿಗ್ಗೆ ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ನೆಡುವುದು ಗೆಡ್ಡೆ. ಗೆಡ್ಡೆ ಬಂದದ್ದು ಕಾಡಿನಿಂದ. ಹೆಚ್ಚು ಕಾಲ್ಚಿಸಿನ್ ಬರಲೆಂದು ತಂತು ಇಮ್ಮಡಿ ಮಾಡುವ ಪ್ರಯೋಗಗಳು ನಡೆದವು. ಅತ್ತ ಎಣಿಕೆಗೇ ಸಿಗದ ಕಾಡುಗೆಡ್ಡೆಗಳು ಮೂಟೆಯಲ್ಲಿ ಸಾಗಿದವು. ಒಬ್ಬರತ್ತ ಬೆರಳು ತೋರಿಸುವ ವಿಷಯವಲ್ಲ ಇದು, ಆದರೂ ಮೊದಲು ಎಣಿಸಿ ಆಮೇಲೆ ಇಮ್ಮಡಿ ಮಾಡಬೇಕಿದ್ದ ಕೆಲಸದ ಕ್ರಮ ತಲೆಕೆಳಗಾಯಿತು ಎನ್ನದೆ ವಿಧಿಯಿಲ್ಲ.

1990ರ ನಂತರ ಡಿಎನ್‌ಎ ಗುರುತು ಪರೀಕ್ಷೆಗಳು ಬಂದವು. ಅವು ಗಿಡಗಳ ನಡುವಿನ ವ್ಯತ್ಯಾಸ ಹೇಳುತ್ತವೆ, ಸೆಟ್ಟಿನ ಸಂಖ್ಯೆಯನ್ನಲ್ಲ. ಫ್ಲೋ ಸೈಟೋಮೆಟ್ರಿ ಯಂತ್ರ ಎಲೆಯ ಚೂರಿನಿಂದಲೇ ಡಿಎನ್‌ಎ ಪ್ರಮಾಣ ಅಳೆಯುತ್ತದೆ. ಅಷ್ಟರಿಂದ ಸೆಟ್ ಊಹಿಸಬಹುದು, ಖಚಿತವಾಗಬೇಕಾದರೆ ಬೇರಿನ ತುದಿಗೇ ಹೋಗಬೇಕು. ಈ ಮೂರು ಬಗೆಯ ಫಲಿತಾಂಶವನ್ನೂ ಒಂದೇ ಎಂಬಂತೆ ಕಲಸಿ ಓದಿದ್ದರಿಂದ ಗೊಂದಲ ಹೆಚ್ಚಿದೆ. ಮೂರನ್ನೂ ಒಂದೇ ಗಿಡದ ಮೇಲೆ, ಊರು-ಗುಡ್ಡದ ಹೆಸರು ಬರೆದಿಟ್ಟು, ಒಣಗಿಸಿದ ಮಾದರಿ ಜೋಪಾನ ಮಾಡಿ ನಡೆಸಬೇಕು. ಅದಕ್ಕೆ ಹಬ್ಬದವರೆಗೆ ಕಾದರೆ ತಡವಾಯಿತು. ಗೆಡ್ಡೆ ಹೊಸ ಬೇರು ಬಿಡುವುದು ಮೊದಲ ಮಳೆಗೆ, ಆಗ ಹೂವಿಲ್ಲದ ಬಳ್ಳಿಯನ್ನು ಬೇಲಿಯಲ್ಲಿ ಗುರುತು ಹಿಡಿಯುವವರು ಜೊತೆಗಿರಬೇಕು.